ಹೈವೇ ಮದ್ದಿನ ಮಹಿಮೆ

ಡೀಸೆಲ್ ಕಾರಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹೊತ್ತಿತು ಎಂದು ಯಾರಿಗೆ ಹೇಳಿದರೂ ಉತ್ತರ ಒಂದೇ: ‘ಹೈವೇಗೆ ತಗೊಂಡ್ಹೋಗಿ ಅರ್ಧ ಗಂಟೆ ಓಡ್ಸಿ ಸಾರ್, ಸರಿಹೋಗುತ್ತೆ.’ ಶೋರೂಮಿನ ಸರ್ವಿಸ್ ಅಡ್ವೈಸರ್‌ನಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರಿಗೂ ಇದು ಬಾಯಿಪಾಠ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಮಾಲಿನ್ಯ ನಿಯಮ ಜಾರಿಯಾದಂದಿನಿಂದ ಈ ಒಂದು ಸಾಲು ಗಳಿಸಿಕೊಂಡಿರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು ಎಂಬುದೇ ನನ್ನ ತಕರಾರು.

ಈ ಫಿಲ್ಟರ್ ಏಕೆ ಬಂತು, ಕಿಲೋಮೀಟರಿಗೆ 25 ಮಿಲಿಗ್ರಾಂ ಇದ್ದ ಕಣಗಳ ಮಿತಿ ಹೇಗೆ 4.5ಕ್ಕೆ ಇಳಿಯಿತು ಎಂಬ ಕಥೆ ಡೀಸೆಲ್ ಕಾರಿಟ್ಟವರಿಗೆಲ್ಲ ಗೊತ್ತು. ನೋಡಬೇಕಾದ್ದು ಆ ಸಾಲನ್ನು. ಅದರ ಮೂಲ ಪಾಠ ಕಾರಿನ ಜೊತೆ ಕೊಡುವ ಕೈಪಿಡಿಯಲ್ಲಿದೆ. ಗಂಟೆಗೆ 60 ಕಿ.ಮೀ.ಗಿಂತ ಹೆಚ್ಚು ವೇಗ, ಎಂಜಿನ್ 1500ರಿಂದ 2000 ಆರ್‌ಪಿಎಂ, ಸುಮಾರು 25 ನಿಮಿಷ: ಕೆಲವು ಕಂಪನಿಗಳು ಇಷ್ಟನ್ನು ಬರೆಯುತ್ತವೆ. ಬಾಯಿಂದ ಬಾಯಿಗೆ ಸಾಗುವಾಗ ಆರ್‌ಪಿಎಂ ಉದುರಿತು, ನಿಮಿಷದ ಲೆಕ್ಕ ಸಡಿಲವಾಯಿತು, ಕಡೆಗೆ ‘ಹೈವೇ’ ಒಂದೇ ಉಳಿಯಿತು.

ಆದರೆ ಫಿಲ್ಟರಿಗೆ ಬೇಕಿರುವುದು ಹೈವೇಯೂ ಅಲ್ಲ, ವೇಗವೂ ಅಲ್ಲ, ಬಿಸಿ. ಸೆರಾಮಿಕ್ ಗೂಡುಗಳಲ್ಲಿ ಕೂತ ಮಸಿ ಚೆನ್ನಾಗಿ ಸುಡಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಹದವಾಗಿ ಓಡುವ ಡೀಸೆಲ್ ಕಾರಿನ ಹೊಗೆಯಲ್ಲಿ ಅಷ್ಟು ಕಾವಿರುವುದಿಲ್ಲ. ಕೊರತೆ ತುಂಬುವುದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು. ಸಿಲಿಂಡರಿನಲ್ಲಿ ದಹನ ಮುಗಿದ ಮೇಲೆ ಅದು ಇನ್ನಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದು ಫಿಲ್ಟರಿನ ಮುಂದಿರುವ ಕ್ಯಾಟಲಿಸ್ಟ್‌ನಲ್ಲಿ ಉರಿದು ಕಾವೇರಿಸುತ್ತದೆ. ಅಂದರೆ ಮಸಿ ಸುಡಿಸುವ ತೀರ್ಮಾನ ಇಸಿಯುವಿನದು. ಒಂದೇ ಸಮನೆ ಓಡುವ ರಸ್ತೆ ಅದಕ್ಕೊಂದು ಅನುಕೂಲ, ಅಷ್ಟೇ.

ಟ್ಯಾಂಕ್ ರಿಸರ್ವ್‌ಗೆ ಬಂದಿದ್ದರೆ ಎಷ್ಟೋ ಕಾರುಗಳಲ್ಲಿ ಇಸಿಯು ರೀಜೆನ್, ಅಂದರೆ ಈ ಮಸಿ ಸುಡುವ ಕೆಲಸ, ಶುರುಮಾಡುವುದಿಲ್ಲ. ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವಿನದೋ ತಾಪಮಾನದ ಸೆನ್ಸರಿನದೋ ಫಾಲ್ಟ್ ಕೋಡ್ ಒಳಗೆ ಕೂತಿದ್ದರೂ ಹಾಗೆಯೇ. ಮಸಿ ಒಂದು ಮಟ್ಟ ದಾಟಿದರೆ ಸುಡುವುದೇ ಅಪಾಯವೆಂದು ಅದು ಕೈಚೆಲ್ಲುತ್ತದೆ. ಆಗ ಬೆಂಗಳೂರಿನಿಂದ ಮೈಸೂರಿಗೆ ಹೋಗಿಬಂದರೂ ದೀಪ ಹಾಗೇ ಇರುತ್ತದೆ. ಇನ್ನು ರೀಜೆನ್ ಅರ್ಧದಲ್ಲಿರುವಾಗ ಮನೆ ಬಂತೆಂದು ಕೀ ತೆಗೆದರೆ? ಐಡ್ಲಿಂಗ್ ತುಸು ಏರಿದೆ, ಫ್ಯಾನ್ ಜೋರಾಗಿ ತಿರುಗುತ್ತಿದೆ, ಸುಟ್ಟ ವಾಸನೆ ಬರುತ್ತಿದೆ ಎಂದರೆ ಇನ್ನಷ್ಟು ಹೊತ್ತು ಓಡಿಸಬೇಕು ಎಂದು ಹೇಳಿಕೊಡುವವರು ಕಡಿಮೆ. ಹೀಗೆ ಪದೇ ಪದೇ ಅರ್ಧಕ್ಕೆ ನಿಂತರೆ, ತಡವಾಗಿ ಚಿಮ್ಮಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತದೆ. ಆಯಿಲ್ ಕಡಿಮೆಯಾಗಿಲ್ಲವಲ್ಲ ಎಂದು ಮಾಲೀಕ ನೆಮ್ಮದಿಯಿಂದಿರುತ್ತಾನೆ!

ಈ ಸಾಲು ಮುಚ್ಚಿಡುವ ಇನ್ನೊಂದು ಸಂಗತಿ ಬೂದಿ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಅದು ಹುಟ್ಟುವುದು ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತುವಿನಂಥ ಸೇರ್ಪಡೆಗಳಿಂದ. ಡಿಪಿಎಫ್ ಕಾರಿಗೆ ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕೆನ್ನುವುದು ಇದಕ್ಕೇ. ಬೂದಿ ತುಂಬಿದ ಫಿಲ್ಟರನ್ನು ಬಿಚ್ಚಿ ತೊಳೆಸಬೇಕು, ಇಲ್ಲವೇ ಬದಲಿಸಬೇಕು. ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಓಡಿಸಿದರೂ ಅದು ಖಾಲಿಯಾಗದು.

ಹೈವೇಯ ಮೇಲಿನ ಈ ಭಕ್ತಿಗೆ ದೊಡ್ಡ ಪೆಟ್ಟು ಬಿದ್ದದ್ದು ಆಸ್ಟ್ರೇಲಿಯಾದಲ್ಲಿ. ಟೊಯೋಟಾದ ಹೈಲಕ್ಸ್, ಪ್ರಾಡೊ, ಫಾರ್ಚುನರ್‌ಗಳ ಡಿಪಿಎಫ್ ವ್ಯವಸ್ಥೆಯಲ್ಲಿ ದೋಷವಿತ್ತೆಂದು ಅಲ್ಲಿನ ಫೆಡರಲ್ ಕೋರ್ಟ್ 2022ರಲ್ಲಿ ತೀರ್ಪಿತ್ತಿತು. ವ್ಯವಸ್ಥೆ ವಿಶೇಷವಾಗಿ ಸೋಲುತ್ತಿದ್ದುದು ಯಾವಾಗ? ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ಎಡೆಬಿಡದೆ, ಮತ್ತೆಮತ್ತೆ ಓಡಿಸಿದಾಗ. ನಾವು ಮದ್ದೆಂದು ನಂಬಿದ್ದೇ ಅಲ್ಲಿ ಕಾಯಿಲೆಗೆ ದಾರಿ. ಎಲ್ಲ ಕಾರುಗಳ ಹಣೆಬರಹವೂ ಇದೇ ಎಂಬುದು ನನ್ನ ವಾದವಲ್ಲ. ಆದರೆ ದೋಷ ಎಲ್ಲಿದೆಯೆಂದು ನೋಡದೆ ರಸ್ತೆ ತೋರಿಸುವವರು ಈ ತೀರ್ಪನ್ನೊಮ್ಮೆ ಓದಲಿ.

ಇಲ್ಲಿ ನಮ್ಮ ಕಾರು ವಿಮರ್ಶಕರ ಜೊತೆಗೂ ಒಂದು ಜಗಳವಿದೆ. ‘ಸಿಟಿಯವರು ಡೀಸೆಲ್ ತಗೋಬಾರದು’ ಎಂಬುದು ಅವರ ತೀರ್ಮಾನ. ಕೇಳಲು ವಿವೇಕದ ಮಾತು, ಆದರೆ ಇದು ಹೈವೇ ಭಕ್ತಿಯ ಇನ್ನೊಂದು ಮುಖವೇ. ಯಂತ್ರದ ತಪ್ಪನ್ನೂ ಗ್ಯಾರೇಜಿನ ಸೋಮಾರಿತನವನ್ನೂ ಮಾಲೀಕನ ವಿಳಾಸದ ಮೇಲೆ ಹೊರಿಸುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವವನು ಸಿಟಿಯಲ್ಲಿಲ್ಲ. ಆದರೂ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲಿ ಇಳಿಯುವಾಗ ಎಂಜಿನ್ನಿಗೆ ಡೀಸೆಲ್ ಹೋಗುವುದಿಲ್ಲ, ಸೈಲೆನ್ಸರ್ ಕಡೆಗೆ ತಣ್ಣನೆ ಗಾಳಿ ಹೊರಡುತ್ತದೆ. ರಾತ್ರಿ ಹೊರವರ್ತುಲ ರಸ್ತೆಯಲ್ಲಿ ಮುಕ್ಕಾಲು ಗಂಟೆ ಸಲೀಸಾಗಿ ಓಡಿಸುವವನ ಫಿಲ್ಟರ್ ಇದಕ್ಕಿಂತ ಸುಖಿ. ಎಂಜಿನ್ನಿನ ಮೇಲೆ ಎಷ್ಟು ಭಾರ, ಎಷ್ಟು ಹೊತ್ತು ಎಂಬುದು ಇಲ್ಲಿ ಲೆಕ್ಕ. ಊರೋ ಹೆದ್ದಾರಿಯೋ ಎಂಬುದಲ್ಲ.

ಇವರಿಗಿಂತ ಅಪಾಯಕಾರಿಗಳು ‘ತೆಗೆಸಿಬಿಡಿ’ ಪಂಥದವರು. ಫಿಲ್ಟರ್ ಕೊರೆದು ಒಳಗಿನ ಗೂಡು ಒಡೆದು, ಇಸಿಯು ರೀಮ್ಯಾಪ್ ಮಾಡಿ ಕೊಡುತ್ತಾರೆ. ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತೋರಿಸಿದರೆ, ‘ಎಮಿಷನ್ ಟೆಸ್ಟ್ ಪಾಸಾಗುತ್ತಲ್ಲ’ ಎಂದು ಎದೆ ಸೆಟೆಸುತ್ತಾರೆ. ಪಾಸಾಗಬಹುದು. ನಮ್ಮ ಪರೀಕ್ಷೆ ಅಳೆಯುವುದು ಹೊಗೆಯ ದಟ್ಟಣೆಯನ್ನು. ಫಿಲ್ಟರ್ ಹಿಡಿಯುವುದು ಕಣ್ಣಿಗೆ ಕಾಣದ ಕಣಗಳನ್ನೂ. ಬ್ರಿಟನ್ನಿನಲ್ಲಿ 2014ರಿಂದ, ಇರಬೇಕಾದ ಫಿಲ್ಟರ್ ಇಲ್ಲದ ಕಾರು ವಾರ್ಷಿಕ ತಪಾಸಣೆಯಲ್ಲಿ ಫೇಲು. ನೆದರ್ಲೆಂಡ್ಸ್‌ನಲ್ಲಿ 2023ರಿಂದ ಕಣಗಳನ್ನೇ ಎಣಿಸುತ್ತಾರೆ. ಇಲ್ಲಿನ ಪಾಸು ಮೀಟರಿನ ಮೊಂಡುತನಕ್ಕೆ ಸಿಕ್ಕ ಸರ್ಟಿಫಿಕೇಟು. ಅಲ್ಲದೆ ಮಸಿ ಹೆಚ್ಚಿಸಿದ್ದು ಸೋರುವ ಇಂಜೆಕ್ಟರಾಗಿದ್ದರೆ, ಫಿಲ್ಟರ್ ಹೋದ ಮೇಲೂ ಅದು ಸೋರುತ್ತಲೇ ಇರುತ್ತದೆ.

ಹೈವೇ ಓಟ ಪೂರ್ತಿ ನಿಷ್ಪ್ರಯೋಜಕವೇನಲ್ಲ. ಮಸಿ ಮಿತಿಯಲ್ಲಿದ್ದು ಉಳಿದೆಲ್ಲ ನೆಟ್ಟಗಿದ್ದರೆ ದೀಪ ಆರುತ್ತದೆ. ಆದರೆ ಗಟ್ಟಿಮುಟ್ಟಾಗಿದ್ದವನಿಗೆ ಮಾತ್ರ ನಾಟುವ ಮದ್ದನ್ನು ರೋಗಿಗಳಿಗೆಲ್ಲ ಹಂಚುವುದೇಕೆ? ಹೊಗಳಿಕೆ ಸಲ್ಲಬೇಕಾದ್ದು ಸ್ಕ್ಯಾನರ್ ಹಾಕಿ ಮಸಿ, ಬೂದಿಯ ಅಂಕಿ ಓದುವ, ಕಳೆದ ರೀಜೆನ್ ಆಗಿ ಎಷ್ಟು ಕಿಲೋಮೀಟರ್ ಆಯಿತೆಂದು ನೋಡುವ, ಒತ್ತಡದ ಸೆನ್ಸರಿನ ಪೈಪ್ ಬಿರಿದಿದೆಯೇ ಎಂದು ಬಗ್ಗಿ ನೋಡುವ ಮೆಕ್ಯಾನಿಕ್‌ಗೆ. ಅವನ ಒಂದು ಗಂಟೆಯ ಕೂಲಿಗೆ ನಾವು ಚೌಕಾಸಿ ಮಾಡುತ್ತೇವೆ. ಇದಾವುದನ್ನೂ ನೋಡದೆ ಗ್ಯಾರೇಜಿನಲ್ಲೇ ಫೋರ್ಸ್ಡ್ ರೀಜೆನ್ ಮಾಡಿ ಬಿಲ್ ಕೊಡುವವನೂ ನಿಂತಲ್ಲೇ ಹೈವೇ ಓಡಿಸಿದವನೇ.

ದೀಪ ಹೊತ್ತಿದರೆ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ, ಆಮೇಲೆ ಸ್ಕ್ಯಾನರ್ ಹಾಕಿಸಿ. ರಸ್ತೆಯ ಮಾತು ಮೂರನೆಯದು. ಆಯಿಲ್ ಮೇಲಿನ ಗೆರೆ ದಾಟಿದ್ದರೆ ಅದರಲ್ಲಿ ಡೀಸೆಲ್ ಬೆರೆತಿರಬಹುದು. ಆ ಕಾರನ್ನು ಹೈವೇಗೆ ಒಯ್ಯಿರಿ ಎನ್ನುವವರ ಸಲಹೆಗೆ ಬೆಲೆ ತೆರುವುದು ನಿಮ್ಮ ಎಂಜಿನ್.