ಹೆಸರು ಮರಳಿದರೆ ಸಾಕೇ?

ಕಾರನ್ನೂ ಪಠ್ಯದಂತೆ ಓದಬಹುದೇ? ಬುಗಾಟಿ ಇಬಿ110 ಅದಕ್ಕೆ ಒಳ್ಳೆಯ ಉದಾಹರಣೆ. 1987ರಲ್ಲಿ ಇಟಲಿಯ ಉದ್ಯಮಿ ರೊಮಾನೊ ಆರ್ಟಿಯೋಲಿ, ದಶಕಗಳಿಂದ ಮಲಗಿದ್ದ ಬುಗಾಟಿ ಎಂಬ ಹೆಸರನ್ನು ಕೊಂಡರು. ಕಾರ್ಖಾನೆ ಕಟ್ಟಿದ್ದು ಬುಗಾಟಿಯ ಹಳೆಯ ಊರಾದ ಫ್ರಾನ್ಸಿನ ಮೊಲ್ಶೀಮ್‌ನಲ್ಲಲ್ಲ, ಇಟಲಿಯ ಮೊಡೆನಾ ಸಮೀಪದ ಕ್ಯಾಂಪೊಗಲ್ಲಿಯಾನೊದಲ್ಲಿ. ಕಾರು ಅನಾವರಣಗೊಂಡದ್ದು 1991ರ ಸೆಪ್ಟೆಂಬರ್ 15ರಂದು, ಸಂಸ್ಥಾಪಕ ಎತ್ತೊರೆ ಬುಗಾಟಿಯ 110ನೇ ಜನ್ಮದಿನದಂದು. ಕಾರಿನ ಹೆಸರಿನಲ್ಲಿರುವುದೂ ಅದೇ ಲೆಕ್ಕ. ಚಾಲಕನ ಬೆನ್ನ ಹಿಂದೆ 12 ಸಿಲಿಂಡರಿನ 3.5 ಲೀಟರ್ ಎಂಜಿನ್, ನಾಲ್ಕು ಟರ್ಬೊ. ಸುಮಾರು 140 ಕಾರುಗಳಾಗುವಷ್ಟರಲ್ಲಿ, 1995ರಲ್ಲಿ, ಕಂಪೆನಿ ದಿವಾಳಿಯಾಯಿತು. 1998ರಲ್ಲಿ ಹೆಸರು ಫೋಕ್ಸ್‌ವ್ಯಾಗನ್ ಪಾಲಾಯಿತು.

ನಮ್ಮಲ್ಲೂ ಇಂಥದೊಂದು ಕಥೆಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ 2022ರಲ್ಲಿ ಮರಳಿ ಬಂತು. ಈಗ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹಳೆಯದು ಟೂ ಸ್ಟ್ರೋಕ್, ಹೊಸತು ಫೋರ್ ಸ್ಟ್ರೋಕ್. ಹಳೆಯದರಲ್ಲಿ ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಗೇರಾಗುತ್ತಿತ್ತು. ಪುತ್ತೂರಿನ ಗ್ಯಾರೇಜೊಂದರಲ್ಲಿ ಹಳೆಯ ಯೆಜ್ಡಿ ಬಿಚ್ಚಿಟ್ಟುಕೊಂಡಿದ್ದ ಮೆಕ್ಯಾನಿಕ್ ಒಬ್ಬರನ್ನು ಹೊಸತರ ಬಗ್ಗೆ ಕೇಳಿದೆ. “ಗಾಡಿ ಒಳ್ಳೆದುಂಟು ಮಾರಾಯ್ರೆ. ಆದ್ರೆ ಅದಕ್ಕೆ ನನ್ನ ಕೈಯ ಗುರ್ತ ಇಲ್ಲ” ಎಂದರು.

ಈ ಮಾತು ಒಳ್ಳೆಯ ವಿಮರ್ಶೆ. ಹೆಸರನ್ನು ಕೊಳ್ಳಬಹುದು, ಊರಿಂದೂರಿಗೆ ಒಯ್ಯಬಹುದು. ಕೈಯ ಗುರುತು ಹಾಗೆ ಬರುವುದಿಲ್ಲ. ಇವತ್ತು ಬರೆಯುವ ಎಷ್ಟೋ ‘ಆಧುನಿಕ ವಚನ’ಗಳನ್ನು ಓದುವಾಗಲೂ ನನಗೆ ಹೀಗೇ ಅನ್ನಿಸುತ್ತದೆ. ಕೊನೆಯಲ್ಲೊಂದು ಅಂಕಿತ ಇರುತ್ತದೆ. ಆ ಅಂಕಿತವನ್ನು ಹುಟ್ಟಿಸಿದ ಕಾಯಕವಾಗಲಿ, ಪರಸ್ಪರ ಪ್ರಶ್ನಿಸುವ ಶರಣರ ಬಳಗವಾಗಲಿ ಇರುವುದಿಲ್ಲ. ಅಂಕಿತ ಆಗ ಬರೀ ಬ್ಯಾಡ್ಜ್.

ಹಾಗೆಂದು ಇಬಿ110 ಅನ್ನು ನಕಲಿ ಎಂದು ತಳ್ಳಿಹಾಕಲಾರೆ. ಫೆರಾರಿ, ಲ್ಯಾಂಬೊರ್ಗಿನಿ, ಮಸೆರಾಟಿಗಳನ್ನು ಕಟ್ಟಿದ ಸೀಮೆ ಮೊಡೆನಾ. ಆರ್ಟಿಯೋಲಿ ಹೋದದ್ದು ನುರಿತ ಕೈಗಳಿದ್ದ ಕಡೆಗೇ. ಆದ್ದರಿಂದ ಅದು ಬುಗಾಟಿಯ ಮುಂದುವರಿಕೆ ಅನ್ನುವುದಕ್ಕಿಂತ ಮೊಡೆನಾದ ಸ್ವಂತ ಕೃತಿ. ಹೊದ್ದದ್ದು ಮಾತ್ರ ಸಾಲದ ಹೆಸರು. ವಚನವನ್ನು ಮತ್ತೆ ಬರೆಯುವವರಿಗೂ ಇಲ್ಲೊಂದು ದಾರಿಯಿದೆ: ಕಲ್ಯಾಣದ ಅಂಕಿತವನ್ನು ಎರವಲು ತರುವ ಮೊದಲು, ಈಗ, ಇಲ್ಲಿ, ಕೆಲಸ ಬಲ್ಲ ಕೈಗಳು ಎಲ್ಲಿವೆಯೆಂದು ಹುಡುಕುವುದು.

ಮೆಕ್ಯಾನಿಕ್ ಅಷ್ಟರಲ್ಲಿ ಕಿಕ್ ಹೊಡೆದರು. ಮೂರನೆಯದಕ್ಕೆ ಗಾಡಿ ಸ್ಟಾರ್ಟ್ ಆಯಿತು.