ಸ್ಪರ್ಧೆಗೆ ಅನರ್ಹ, ದೇಣಿಗೆಗೆ ಅರ್ಹ

ವಿಧಾನಸಭೆ ಚುನಾವಣೆ ಘೋಷಣೆಯಾಯಿತೆಂದರೆ ಜಿಲ್ಲಾಡಳಿತ ಒಂದು ದರಪಟ್ಟಿ ಹೊರಡಿಸುತ್ತದೆ. ಟೀ, ಇಡ್ಲಿ, ಪ್ಲಾಸ್ಟಿಕ್ ಕುರ್ಚಿ, ಶಾಮಿಯಾನ, ಹೂವಿನ ಹಾರ, ಜೀಪಿನ ದಿನದ ಬಾಡಿಗೆ, ಎಲ್ಲಕ್ಕೂ ಇಂತಿಷ್ಟು ಎಂದು. ಅಭ್ಯರ್ಥಿಯ ಲೆಕ್ಕದ ಪುಸ್ತಕಕ್ಕೆ ಮೂರು ಬಣ್ಣ: ದಿನವಹಿ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ವೆಚ್ಚ ವೀಕ್ಷಕರು ಪ್ರಚಾರದ ಹೊತ್ತಿನಲ್ಲೇ ಕನಿಷ್ಠ ಮೂರು ಸಲ ಅದನ್ನು ತರಿಸಿಕೊಂಡು, ತಾವೇ ಪ್ರತ್ಯೇಕವಾಗಿ ಬರೆದಿಟ್ಟ ಶ್ಯಾಡೋ ರಿಜಿಸ್ಟರಿನೊಡನೆ ತಾಳೆ ನೋಡುತ್ತಾರೆ. 2022ರಿಂದ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಸಕಾರಣವಿಲ್ಲದೆ ತಪ್ಪಿದರೆ ಮೂರು ವರ್ಷ ಅನರ್ಹತೆ.

ಲೆಕ್ಕಶಾಸ್ತ್ರದ ಮಟ್ಟಿಗೆ ಇದು ಅಚ್ಚುಕಟ್ಟಾದ ವ್ಯವಸ್ಥೆ. ಅದರ ತೊಂದರೆ ಇರುವುದು ಅದು ಕೇಳುವ ಪ್ರಶ್ನೆಯಲ್ಲಿ. ಎಷ್ಟು ಖರ್ಚಾಯಿತು ಎಂದು ಅದು ಕೆದಕಿ ಕೆದಕಿ ಕೇಳುತ್ತದೆ. ಹಣ ಕೊಟ್ಟವರ ಹೆಸರನ್ನೂ ಕೇಳುತ್ತದೆ. ಕೊಟ್ಟವನಿಗೆ ಸರ್ಕಾರದೊಡನೆ ಏನು ವ್ಯವಹಾರ ಎಂದು ಮಾತ್ರ ಕೇಳುವುದಿಲ್ಲ. ಅಭ್ಯರ್ಥಿಯ ಇಡ್ಲಿಗೆ ಮಿತಿ ಉಂಟು, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ.

ಈ ಕಥೆಯಲ್ಲಿ ಚಿತ್ರದುರ್ಗಕ್ಕೆ ಒಂದು ಹಳೆಯ ಪಾತ್ರವಿದೆ. ಇಲ್ಲಿ ವಕೀಲಿ ಮಾಡುತ್ತಿದ್ದ ಎಸ್. ನಿಜಲಿಂಗಪ್ಪ 1962ರಲ್ಲಿ ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರೆದುರು ಸೋತರು. ಅವರ ಬದಲು ಎಸ್.ಆರ್. ಕಂಠಿ ಕೆಲ ತಿಂಗಳು ಮುಖ್ಯಮಂತ್ರಿಯಾದರು. ಬಾಗಲಕೋಟೆಯಿಂದ ಅವಿರೋಧವಾಗಿ ಗೆದ್ದ ಮೇಲೆ ನಿಜಲಿಂಗಪ್ಪ ಆ ಕುರ್ಚಿಗೆ ಬಂದರು. ಅಂಥ ದೊಡ್ಡ ಕುಳವನ್ನು ಹೊಸದುರ್ಗದ ಮತದಾರ ಮನೆಗೆ ಕಳಿಸಿದ್ದ ಎಂಬುದನ್ನು ಇಂದಿನ ರಾಜಕಾರಣಿಗಳು ಆಗಾಗ ನೆನೆಯುವುದು ಒಳ್ಳೆಯದು. 1969ರಲ್ಲಿ ಅದೇ ನಿಜಲಿಂಗಪ್ಪ ಕಾಂಗ್ರೆಸ್ ಅಧ್ಯಕ್ಷರಾಗಿ ಇಂದಿರಾ ಗಾಂಧಿಯವರಿಗೆ ಎದುರಾಗಿ ನಿಂತರು, ಪಕ್ಷ ಒಡೆಯಿತು. ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು ಇಂದಿರಾ ಸರ್ಕಾರ ನಿಷೇಧಿಸಿದ್ದೂ ಅದೇ ವರ್ಷ. ಬದಲಿ ದಾರಿಯನ್ನಂತೂ ಯಾರೂ ತೋರಿಸಲಿಲ್ಲ. ಚೆಕ್ ನಿಂತಿತು, ಸೂಟ್‌ಕೇಸ್ ಶುರುವಾಯಿತು. ನಿಷೇಧ ತೆರವಾದದ್ದು 1985ರಲ್ಲಿ.

ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಿಸಬೇಕೆಂದು 1974ರಲ್ಲಿ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪು ನಿಂತಿದ್ದರೆ ಮಿತಿಗೆ ಅರ್ಥವಿರುತ್ತಿತ್ತು. ಸರ್ಕಾರ ಅದೇ ತಿಂಗಳು ಸುಗ್ರೀವಾಜ್ಞೆ ತಂದು ಅದನ್ನು ನಿರರ್ಥಕಗೊಳಿಸಿತು. ಸುಧಾರಣೆಯ ವಿಷಯದಲ್ಲಿ ಇಷ್ಟು ಚುರುಕಾಗಿ ಕೆಲಸ ಮಾಡಿದ ಸರ್ಕಾರ ಮತ್ತೊಂದಿಲ್ಲ!

ಹಿರಿಯೂರು, ಹೊಸದುರ್ಗಗಳಿಗೆ ಬರೋಣ. 2008ರಲ್ಲಿ ಬಿಜೆಪಿಗೆ ಬಂದದ್ದು 110 ಸ್ಥಾನ, ಬೇಕಿದ್ದದ್ದು 113. ಹಿರಿಯೂರಿನ ಡಿ. ಸುಧಾಕರ್, ಹೊಸದುರ್ಗದ ಗೂಳಿಹಟ್ಟಿ ಶೇಖರ್ ಇಬ್ಬರೂ ಪಕ್ಷೇತರರಾಗಿ ಗೆದ್ದವರು, ಇಬ್ಬರೂ ಮಂತ್ರಿಗಳಾದರು. 2010ರಲ್ಲಿ ಸ್ಪೀಕರ್ ಕೆ.ಜಿ. ಬೋಪಯ್ಯ ಅವರಿಬ್ಬರನ್ನೂ ಸೇರಿಸಿ ಐವರು ಪಕ್ಷೇತರರನ್ನು ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಇದರಲ್ಲಿ ದುಡ್ಡು ಕೈಬದಲಾಯಿತೆಂದು ನಾನು ಹೇಳುತ್ತಿಲ್ಲ. ನಾನು ಹೇಳುವುದಿಷ್ಟೇ: ಚುನಾವಣೆಯ ನಿಜವಾದ ವ್ಯವಹಾರ ಫಲಿತಾಂಶದ ಮರುದಿನ ಶುರುವಾಗುತ್ತದೆ. ಗುಲಾಬಿ ಹಾಳೆ ಅಷ್ಟರಲ್ಲಿ ಮುಗಿದಿರುತ್ತದೆ.

ಹೊಳಲ್ಕೆರೆ ಕಡೆಯಿಂದ ಭೀಮಸಮುದ್ರದ ದಾರಿ ಹಿಡಿದವರಿಗೆ ಅದಿರಿನ ಕೆಂಪು ಧೂಳು ಗೊತ್ತು. ಅಕ್ರಮ ಗಣಿಗಾರಿಕೆ ವಿಪರೀತವಾಗಿ, 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳನ್ನೂ ನಿಲ್ಲಿಸಬೇಕಾಯಿತು. ಈ ಜಿಲ್ಲೆಯಲ್ಲಿ ಗಣಿ ಇರುವ ವೇದಾಂತ ಕಂಪನಿ ಚುನಾವಣಾ ಬಾಂಡ್‌ಗಳಿಗೆ ಹಾಕಿದ ಹಣ ಸುಮಾರು 400 ಕೋಟಿ ರೂಪಾಯಿ. ಅದು ಕಾನೂನುಬದ್ಧ ದೇಣಿಗೆ, ಇಲ್ಲಿನ ಗಣಿಗೂ ಅದಕ್ಕೂ ನಂಟು ಕಟ್ಟಲು ಆಧಾರವಿಲ್ಲ. ಆದರೆ ಆ ಅಂಕಿ ಜನರಿಗೆ ತಿಳಿದದ್ದು ಬಾಂಡ್ ಯೋಜನೆಯನ್ನೇ ರದ್ದುಮಾಡಿದ ಸುಪ್ರೀಂ ಕೋರ್ಟಿನ 2024ರ ಫೆಬ್ರುವರಿ 15ರ ತೀರ್ಪಿನಿಂದ. ಬಾಂಡ್ ಜೊತೆಗೆ, ಕಂಪನಿ ದೇಣಿಗೆಗೆ ಲಾಭದ ಶೇ. 7.5ರ ಮಿತಿ ತೆಗೆದ 2017ರ ತಿದ್ದುಪಡಿಯೂ ಬಿದ್ದುಹೋಯಿತು. ಬಾಂಡ್ ಕೊಟ್ಟವರ ಹೆಸರು ಹೇಳಿದ ಕೆಲವೇ ಪಕ್ಷಗಳಲ್ಲಿ ನಮ್ಮ ಜೆಡಿಎಸ್ ಒಂದು: 89.75 ಕೋಟಿಯಲ್ಲಿ 50 ಕೋಟಿ ಮೇಘಾ ಎಂಜಿನಿಯರಿಂಗ್‌ನದು. ಹೆಸರು ಹೇಳಿದ್ದರಿಂದ ಆ ಪಕ್ಷಕ್ಕೇನೂ ಆಗಲಿಲ್ಲ. ದೊಡ್ಡ ಪಕ್ಷಗಳಿಗೆ ಹೇಳಲು ಏನು ಕಷ್ಟವಿತ್ತು?

ಮೇಘಾ ನೀರಾವರಿ ಕಾಮಗಾರಿಗಳ ಕಂಪನಿ. ಇಲ್ಲಿಯೇ ನನ್ನ ಮುಖ್ಯ ತಕರಾರು. ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ಪ್ರಕಾರ, ಸರ್ಕಾರದ ಕಾಮಗಾರಿ ಗುತ್ತಿಗೆ ಚಾಲ್ತಿಯಲ್ಲಿರುವವನು ಶಾಸಕನಾಗುವಂತಿಲ್ಲ. ಹಿತಾಸಕ್ತಿಯ ಘರ್ಷಣೆ ಎಂಬುದು ಕಾರಣ, ಸರಿಯೇ. ಅದೇ ಗುತ್ತಿಗೆದಾರ ಶಾಸಕನಾಗುವವನ ಖರ್ಚು ಹೊರಬಹುದು, ಅವನ ಪಕ್ಷಕ್ಕೆ ಕೋಟಿ ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಗುತ್ತಿಗೆದಾರರು ಕೇಂದ್ರ ಚುನಾವಣೆಗೆ ದೇಣಿಗೆ ಕೊಡುವುದನ್ನು 1940ರಲ್ಲೇ ನಿಷೇಧಿಸಿದ್ದಾರೆ. ಭದ್ರಾ ಮೇಲ್ದಂಡೆಯಂಥ, 21 ಸಾವಿರ ಕೋಟಿ ದಾಟುವ ಅಂದಾಜಿನ ಯೋಜನೆ ನಡೆಯುತ್ತಿರುವ ಜಿಲ್ಲೆಗೆ ಈ ಪ್ರಶ್ನೆ ಪುಸ್ತಕದ್ದಲ್ಲ. ಬಿಲ್ ಪಾಸಾಗಲು ಶೇ. 40 ಕಮಿಷನ್ ಎಂದು ಗುತ್ತಿಗೆದಾರರ ಸಂಘದ ಅಧ್ಯಕ್ಷ ಡಿ. ಕೆಂಪಣ್ಣ 2021ರಲ್ಲಿ ಪ್ರಧಾನಿಗೇ ಪತ್ರ ಬರೆದರು. 2023ರ ಚುನಾವಣೆಯಲ್ಲಿ ಅದೇ ದೊಡ್ಡ ವಿಷಯವಾಯಿತು, ಸರ್ಕಾರವೂ ಬದಲಾಯಿತು. 9ಎ ಕಲಂ ಇದ್ದಹಾಗೇ ಇದೆ.

ಗುತ್ತಿಗೆದಾರ ಕೊಡದಿದ್ದರೆ ಅಭ್ಯರ್ಥಿಯೇ ಹಾಕಿಕೊಳ್ಳಬೇಕು. 2023ರಲ್ಲಿ ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್ ಸಂಸ್ಥೆ ಪರಿಶೀಲಿಸಿದ 223 ಶಾಸಕರಲ್ಲಿ 217 ಮಂದಿ ಕೋಟ್ಯಧಿಪತಿಗಳು. ಇದಕ್ಕೆ ಪರಿಹಾರವಾಗಿ ಸರ್ಕಾರವೇ ಭಾಗಶಃ ಖರ್ಚು ಕೊಡಲಿ ಎಂದು 1998ರ ಇಂದ್ರಜಿತ್ ಗುಪ್ತಾ ಸಮಿತಿ ಹೇಳಿತ್ತು. ಪಕ್ಷದ ಖರ್ಚಿಗೆ ಮಿತಿಯಿಲ್ಲದೆ ಅದನ್ನು ತಂದರೆ ಇರುವ ಹಣದ ಮೇಲೆ ನಮ್ಮ ತೆರಿಗೆಯನ್ನೂ ಸುರಿದಂತೆ ಅಷ್ಟೇ. ಮೊದಲು 9ಎ ಕಲಮನ್ನು ದೇಣಿಗೆಗೂ ವಿಸ್ತರಿಸಲಿ, 1974ರ ತೀರ್ಪನ್ನು ಕಾನೂನಾಗಿ ಮಾಡಲಿ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸ ಒಂದಿದೆ. ಅಭ್ಯರ್ಥಿ ಒಪ್ಪಿಸಿದ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು; ಚುನಾವಣಾ ನಿಯಮಗಳಲ್ಲಿ ಅದಕ್ಕೆ ನಿಗದಿಯಾದ ಶುಲ್ಕ ಒಂದು ರೂಪಾಯಿ. ಜಿಲ್ಲಾ ಚುನಾವಣಾಧಿಕಾರಿ ಕಚೇರಿಗೆ ಹೋಗಿ ನಿಮ್ಮ ಶಾಸಕರ ಲೆಕ್ಕ ಕೇಳಿ, ನಿಮ್ಮ ತಾಲ್ಲೂಕಿನ ಕಾಮಗಾರಿ ಯಾರ್ಯಾರಿಗೆ ಸಿಕ್ಕಿದೆ ಎಂಬ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟುಕೊಂಡು ಓದಿ.