‘ಫಾ’ ಅಲ್ಲ, ೞ

ಯೂನಿಕೋಡ್ ಪಟ್ಟಿಯಲ್ಲಿ ‘ಕನ್ನಡ ಲೆಟರ್ ಫಾ’ ಅಂತ ಒಂದು ಅಕ್ಷರ ಇದೆ. ಕನ್ನಡದಲ್ಲಿ ಅಂಥ ಅಕ್ಷರ ಯಾವತ್ತೂ ಇರಲಿಲ್ಲ. ಆ ಜಾಗದಲ್ಲಿ ಕೂತಿರೋದು ಹಳಗನ್ನಡದ ೞ. ಕೋೞಿಕೋಡು, ಆಲಪ್ಪುೞ ಅನ್ನುವಾಗ ಮಲಯಾಳಿಗಳ ಬಾಯಲ್ಲಿ ಬರುತ್ತಲ್ಲ, ಆ ಸದ್ದು. ಹೆಸರಿಡುವಾಗಲೇ ಎಡವಟ್ಟಾಗಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದೆಂಬ ನಿಯಮ ಇರೋದ್ರಿಂದ, ಸರಿಯಾದ ಹೆಸರನ್ನು ಅಲಿಯಾಸ್ ಆಗಿ ಸೇರಿಸಿ ಸುಮ್ಮನಾಗಿದ್ದಾರೆ. ಪ್ರೊಡಕ್ಷನ್‌ಗೆ ಹೋದ ಬಗ್! ನಕ್ಕು ಬಿಡಬಹುದು.

ನಗು ಬಾರದಿರೋದು ನಮ್ಮವರೇ ಮಾಡುವ ಇನ್ನೊಂದು ಕೆಲಸಕ್ಕೆ. ಹಳಗನ್ನಡ ಕಾವ್ಯ ಟೈಪ್ ಮಾಡುವಾಗ, ಓದೋರಿಗೆ ಸುಲಭವಾಗಲಿ ಅಂತ ೞ ತೆಗೆದು ಳ ಹಾಕ್ತಾರೆ. ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಎರಡೂ ‘ಬಾಳ್’ ಆದಮೇಲೆ ಕವಿ ಯಾವುದನ್ನು ಹೇಳಿದ ಅಂತ ಓದುಗ ಊಹಿಸಬೇಕು. ಸರ್ಚ್ ಅಷ್ಟೂ ಮಾಡಲ್ಲ. ಚೀನಾದಲ್ಲೂ ಹೀಗೇ ಆಗಿದೆ. 1956ರ ಲಿಪಿ ಸರಳೀಕರಣದಲ್ಲಿ ‘ಹಿಂದೆ’ ಎಂಬ ಅರ್ಥದ ಅಕ್ಷರ ಬಿಟ್ಟು, ಅದೇ ಉಚ್ಚಾರದ ‘ರಾಣಿ’ ಅಕ್ಷರಕ್ಕೇ ಎರಡೂ ಕೆಲಸ ಹಚ್ಚಿದರು. ಹಳೆಯ ಲಿಪಿಗೆ ಮರಳಿಸುವ ಸಾಫ್ಟ್‌ವೇರ್ ಈಗ ಸಂದರ್ಭ ನೋಡಿ ಊಹಿಸಬೇಕು.

ನಮ್ಮ ಕಡೆಗೇ ಬರೋಣ. ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋದವರು 1196ರ ಅಮೃತೇಶ್ವರ ದೇವಸ್ಥಾನದ ಕೆತ್ತನೆ ಮುಂದೆ ಫೋಟೊ ತೆಗೆಸಿಕೊಳ್ತಾರೆ. ಅಲ್ಲೇ ಇರುವ ಶಾಸನದ ಪದ್ಯಗಳು ಜನ್ನನವು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರಲ್ಲ. ಈ ಜನ್ನನ ಸೋದರಳಿಯ ಕೇಶಿರಾಜ. 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದಾಗ ೞ ಇರುವ ಪದಗಳನ್ನು ಕೂತು ಪಟ್ಟಿ ಮಾಡಿದ. ಪಟ್ಟಿ ಬೇಕಾಯ್ತು ಅಂದರೆ, ಆಗಲೇ ಜನ ೞ, ಳ ಎರಡನ್ನೂ ಕಲಸುತ್ತಿದ್ದರು ಅಂತ ತಾನೇ?

ಹಾಗಂತ ೞವನ್ನು ಮತ್ತೆ ಶಾಲೆಗೆ ತನ್ನಿ ಅನ್ನೋ ಅಭಿಮಾನಿಗಳ ಜೊತೆ ನಾನಿಲ್ಲ. ಅಜ್ಜಂಪುರದ ಈರುಳ್ಳಿ ಬೆಳೆಗಾರನ ಹತ್ತಿರ ‘ಮೞೆ ಬಂತಾ’ ಅಂದರೆ ಯಾವೂರವನಪ್ಪ ಇವನು ಅಂತ ನೋಡ್ತಾನೆ. ಸದ್ದು ಹೋಯ್ತು, ಹೋಗಲಿ. ಗುರುತು ಮಾತ್ರ ಇನ್ನೂ ಇದೆ. ಕೇಳು ‘ಕೆದ್ದು’ ಆಗಲ್ಲ. ಏಳು, ಬೀಳು ಯಾಕೆ ಎದ್ದು, ಬಿದ್ದು ಆಗ್ತವೆ? ಅವು ಮೊದಲು ಏೞ್, ಬೀೞ್. ಎೞ್ದು ಎರ್ದು ಆಗಿ, ಆಮೇಲೆ ಎದ್ದು ಆಯ್ತು. ಕಡೂರಿನಿಂದ ಬೆಂಗಳೂರಿನ ಬಸ್ಸು ಹಿಡಿಯಲು ಎದ್ದು ಬಿದ್ದು ಓಡುವಾಗಲೂ ಅದೇ ಅಕ್ಷರ ಜೊತೆಗಿರುತ್ತೆ.

ಸುಲಭ ಬೇಕಾದರೆ ಪಕ್ಕದಲ್ಲಿ ಹೊಸಗನ್ನಡ ಕೊಡಿ, ಮೂಲ ಹಾಗೇ ಇರಲಿ. ಫೈಂಡ್ ಅಂಡ್ ರಿಪ್ಲೇಸ್ ಒತ್ತೋಕೆ ಅರೆಕ್ಷಣ ಸಾಕು. ವಾಪಸ್ ೞಕ್ಕೆ ಬರಬೇಕಾದರೆ ಕೇಶಿರಾಜನ ಪಟ್ಟಿ ಹಿಡಿದು ಒಂದೊಂದೇ ಪದ ನೋಡಬೇಕಾಗುತ್ತೆ.